ಗಾಳಿಯಲ್ಲಿ ಕೇಳದ ಸಕಾರ

ಕಲ್ಯಾಣ್ ಪೂರ್ವ,
ಮೇ ೨೦೧೮

ತಮ್ಮಾ ಹುಲಗಪ್ಪಾ,

ಕ್ಷೇಮ ಕೇಳುವ ಹಾಗಿಲ್ಲ. ನೀನು ಹೋಗಿ ಏಳು ವರ್ಷವಾಯಿತು. ಸತ್ತವರಿಗೆ ಕಾಗದ ಬರೆಯುವ ಪೈಕಿ ನಾನಲ್ಲ, ಅದು ನಿನಗೂ ಗೊತ್ತು. ಅಮಾವಾಸ್ಯೆಯ ಸಂಜೆ ಊರ ಸುಡುಗಾಡಿನಲ್ಲಿ ಮೂರು ಕಲ್ಲು ಹೂಡಿ ಚಹಾ ಕಾಯಿಸಿ, "ಎಲ್ಲಿ ಅದ ದೆವ್ವ, ಕರೀರಿ, ಅದಕ್ಕೂ ಅರ್ಧ ಕಪ್ಪು ಕೊಡ್ತೀನಿ" ಎಂದು ಊರಿಗೆ ಊರೇ ಕೇಳುವ ಹಾಗೆ ಕೂಗಿದವಳು ನಾನು. ನೀನಾಗ ಹತ್ತು ವರ್ಷದ ಪೋರ. ನನ್ನ ಬೆನ್ನ ಹಿಂದೆ ಕಿಟ್ಲಿ ಹಿಡಿದು ನಿಂತಿದ್ದೆ. "ಅಕ್ಕಾ, ದೆವ್ವ ಇಲ್ಲ ಅಂಬೋದು ಖರೆ. ಆದ್ರ ಅದು ದೆವ್ವಕ್ಕ ಗೊತ್ತದನೇನು?" ಎಂದು ಕೇಳಿದೆ. ಜೊತೆಗಿದ್ದ ನಮ್ಮ ಸಂಘಟನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ಈಗ ನಗು ಬರುತ್ತಿಲ್ಲ. ನಿನ್ನ ಮಗಳು ಅಶ್ಮಿತಾ ನಾಳೆ ಮಧ್ಯಾಹ್ನ ಮತ್ತೆ ಉರಣಿನ ಕಡಲ ನೀರಿಗೆ ಇಳಿಯುತ್ತಾಳೆ. ನೀನು ಹೋದ ನೀರಿಗೇ. ಅವಳು ಅಲ್ಲಿಂದ ಜೀವಸಹಿತ ದಂಡೆಗೆ ಬರಬೇಕು. ನನಗೆ ಬೇಕಾದದ್ದು ಇಷ್ಟೇ. ಇಷ್ಟಕ್ಕಾಗಿ ನಿನ್ನ ಜೊತೆ ಮಾತಾಡಬೇಕಾಗಿ ಬಂದಿದೆ. ವೈಚಾರಿಕತೆಯ ಬಗ್ಗೆ ಮೂವತ್ತು ವರ್ಷ ಭಾಷಣ ಬಿಗಿದ ಬಾಯಿಗೆ ಇದಕ್ಕಿಂತ ಅವಮಾನ ಬೇಕಿಲ್ಲ. ಆಗಲಿ. ಮಗುವಿನ ಜೀವದ ಮುಂದೆ ನನ್ನ ಮಾನ ದೊಡ್ಡದಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಇದೆಲ್ಲ ಶುರುವಾದದ್ದು. ಠಾಣೆಯ ವಾಗ್ಳೆ ಎಸ್ಟೇಟಿನ ತಾಡಪತ್ರಿ ಕಾರ್ಖಾನೆಯಲ್ಲಿ ನೀನು ಮೇಲ್ವಿಚಾರಕ. ಉರಣಿನ ಮೀನುಗಾರರ ಮನೆಯ ಗಜಾನನ ನಾಖವಾ ಹರಿದ ಪಟವೊಂದನ್ನು ಹೊತ್ತುಕೊಂಡು ಹೊಲಿಸಲು ಬಂದ. ಕೋಣೆ ತುಂಬುವಷ್ಟು ದೊಡ್ಡ ಪಟ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಅದರ ಕೊಕ್ಕೆಗೆ ಪಟದ ದಾರ ಸಿಕ್ಕಿಸಿ, ಕಾಲಿಗೆ ಹಲಗೆ ಹಾಕಿಕೊಂಡು ಸಮುದ್ರದ ಮೇಲೆ ಓಡುವ ಆಟಕ್ಕೆ ಅದು ಬೇಕು ಎಂದ. ಕೈಟ್ ಸರ್ಫಿಂಗ್ ಅಂತ ಹೆಸರು. ಗೋವಾದಲ್ಲಿ ಬಿಳಿಯರ ಸಾಮಾನು ಹೊರುತ್ತಾ ಹೊರುತ್ತಾ ಅವನು ಕಲಿತದ್ದು. ನೀನು ಪಟ ಹೊಲಿದುಕೊಟ್ಟೆ, ಹೊಲಿದದ್ದು ಹಾರುತ್ತದೋ ಇಲ್ಲವೋ ನೋಡಿಯೇ ಬರುತ್ತೇನೆ ಎಂದು ಅವನ ಬೆನ್ನು ಹತ್ತಿ ಹೋದೆ. ಮುಂದಿನ ರವಿವಾರ ಕಲ್ಯಾಣಿಗೆ ಬಂದಾಗ ನಿನ್ನ ಮುಖ ಬಿಸಿಲಿಗೆ ಸುಲಿದಿತ್ತು. ಕಿವಿಯಲ್ಲಿ ಇನ್ನೂ ಉಪ್ಪು ಇತ್ತು.

"ಅಕ್ಕಾ, ಗಾಳಿಗಿ ಜಾತಿ ಇಲ್ಲ ನೋಡು."

"ಗಾಳಿಗಿ ಇಲ್ಲಪ್ಪಾ. ಪಟಕ್ಕ ಅದ. ಸಾಹೇಬರ ಮಕ್ಕಳ ಆಟ ಅದು. ನೀ ಅಲ್ಲಿ ಹೋಗಿ ಏನು ಮಾಡ್ತಿ?"

"ನೀರಿನ ಮ್ಯಾಲೆ ನಿಂದ್ರತೀನಿ" ಎಂದೆ.

ನಮ್ಮ ಕೇರಿಯವರು ಊರ ಕೆರೆಯ ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ಅವ್ವ ಕೊಡ ಇಟ್ಟು ದೂರ ಸರಿದು, ಯಾರಾದರೂ ಮೇಲಿನಿಂದ ಹೊಯ್ಯಲಿ ಎಂದು ಬಿಸಿಲಲ್ಲಿ ಕಾಯುತ್ತಿದ್ದಳು. ಆ ಕೆರೆಗಾಗಿ ಮೆರವಣಿಗೆ ತೆಗೆದ ದಿನ ನೀನು ಯಾರದೋ ಹೆಗಲ ಮೇಲೆ ಕೂತು, "ಬಿಡಂಗಿಲ್ಲ, ಬಿಡಂಗಿಲ್ಲ, ಕೆರೆಯ ನೀರು ಬಿಡಂಗಿಲ್ಲ" ಎಂದು ಗಂಟಲು ಹರಿದುಕೊಂಡಿದ್ದೆ. ಆಮೇಲೆ ಅಪ್ಪ ನಮ್ಮನ್ನು ಕಟ್ಟಿಕೊಂಡು ತುರ್ಭೆಯ ಕಲ್ಲುಗಣಿಗೆ ಬಂದ. ಗಣಿಯ ಹೊಂಡದಲ್ಲಿ ಮಳೆನೀರು ನಿಂತಾಗ ನೀನು ಈಜು ಕಲಿತೆ. ಅಂಥವನು ಮೂವತ್ತಾರನೇ ವಯಸ್ಸಿಗೆ ಸಮುದ್ರದ ಮೇಲೆ ನಿಲ್ಲುತ್ತೇನೆ ಅಂದರೆ ನಾನು ಯಾವ ಬಾಯಿಂದ ಬೇಡ ಅನ್ನಲಿ?

ಮೂವತ್ತಾರು ಕಲಿಯುವ ವಯಸ್ಸಲ್ಲ, ಕಲಿತದ್ದನ್ನು ಇನ್ನೊಬ್ಬರಿಗೆ ಬಡಿಯುವ ವಯಸ್ಸು. ನೀನು ಬಹಳ ಬಿದ್ದೆ. ಮೊದಲು ಮರಳಿನ ಮೇಲೆ ಸಣ್ಣ ಪಟ, ಆಮೇಲೆ ಹಲಗೆಯಿಲ್ಲದೆ ನೀರಿನಲ್ಲಿ ಬರೀ ಎಳೆಸಿಕೊಳ್ಳುವುದು, ಕೊನೆಗೆ ಹಲಗೆ. ಒಂದಿಡೀ ಬೇಸಿಗೆ ಉಪ್ಪುನೀರು ಕುಡಿದೆ. ನಾಖವಾ ಎಲ್ಲರಿಗೂ ಮೊದಲು ಕಲಿಸುವುದು ಒಂದೇ ಮಾತು. ಎದೆಯ ಮುಂದೆ ಅಡ್ಡ ಇರುವ ಹಿಡಿಕೋಲಿನಲ್ಲೇ ಪಟದ ಜೀವ ಇರುವುದು. ಹೆದರಿ ಅದನ್ನು ಎದೆಗೆ ಎಳೆದುಕೊಂಡಷ್ಟೂ ಪಟಕ್ಕೆ ಸೊಕ್ಕು. ಕೈಬಿಟ್ಟರೆ ಅದರ ಸೊಕ್ಕು ಇಳಿಯುತ್ತದೆ, ಮನುಷ್ಯ ಉಳಿಯುತ್ತಾನೆ. ಆದ್ದರಿಂದ ದಂಡೆಯಿಂದ ಅವನು "ಸೋಡ್" ಎಂದು ಕೂಗಿದ ತಕ್ಷಣ ಬಿಟ್ಟುಬಿಡಬೇಕು. ಮರಾಠಿಯಲ್ಲಿ ಸೋಡ್ ಅಂದರೆ ಬಿಡು. ತುರ್ಭೆಯಲ್ಲಿ ಬೆಳೆದು, ಠಾಣೆಯಲ್ಲಿ ದುಡಿದು, ಡೋಂಬಿವಲಿ ಲೋಕಲ್ಲಿನಲ್ಲಿ ಸೀಟಿಗಾಗಿ ಮರಾಠಿಯಲ್ಲೇ ಜಗಳಾಡುತ್ತಿದ್ದ ನಿನಗೆ ಆ ಮಾತು ತಿಳಿಯದೆ ಇತ್ತೇ?

ಎರಡು ವರ್ಷದ ಮೇಲೆ, ನೀನು ಹೋದ ಆ ಮೇ ತಿಂಗಳ ದಿನ, ಮಳೆಗೆ ಮುಂಚಿನ ಗಾಳಿ ಇದ್ದಕ್ಕಿದ್ದಂತೆ ತಿರುಗಿತಂತೆ. ನೀನು ಎರಡಾಳು ಎತ್ತರಕ್ಕೆ ನೀರಿನಿಂದ ಎದ್ದೆ. ನಾಖವಾ ಎದೆಮಟ್ಟ ನೀರಿಗೆ ಓಡಿ, ಸೋಡ್ ಸೋಡ್ ಎಂದು ಕೂಗಿದ. ನೀನು ಬಿಡಲಿಲ್ಲ. ಮುಖ ಎತ್ತಿ ಆಕಾಶ ನೋಡಿದೆ. "ವರ್ ಬಘತ್ ಹೋತಾ, ಬಾಯೀ. ಹಸತ್ ಹೋತಾ" ಎಂದು ಅವನು ನನ್ನ ಮುಂದೆ ಅತ್ತ. ಮೇಲೆ ನೋಡುತ್ತಿದ್ದನಂತೆ, ನಗುತ್ತಿದ್ದನಂತೆ. ಮೀನುಬಲೆಯ ಗೂಟಗಳನ್ನು ದಾಟಿ, ಬಂದರಿಗೆ ಹಡಗು ಹೋಗುವ ದಾರಿಯ ಕಡೆಗೆ ಹೋದೆ. ಆಮೇಲೆ ಪಟ ದಂಡೆಯ ಉಪ್ಪುನೀರಿನ ಕಾಂಡ್ಲಾ ಗಿಡಗಳ ಕೆಸರಿನಲ್ಲಿ ಸಿಕ್ಕಿತು. ದಾರ ಇತ್ತು. ದಾರದ ತುದಿಗೆ ಸೊಂಟಪಟ್ಟಿ ಇತ್ತು. ಅದರ ಬಕಲು ಹಾಕಿದ ಹಾಗೇ ಇತ್ತು, ಬಿಗಿದ ಹಾಗೇ ಇತ್ತು. ಅದರೊಳಗೆ ನೀನಿರಲಿಲ್ಲ.

ಆ ಪಟ್ಟಿಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ, ಹುಲಗಪ್ಪಾ. ಬಕಲು ಬಿಚ್ಚದೆ ಅದರಿಂದ ಮನುಷ್ಯ ಜಾರುವುದಿಲ್ಲ. ನೀರು ಏನು ಬೇಕಾದರೂ ಮಾಡುತ್ತದೆ ಎಂದು ಪೊಲೀಸರು ಹೇಳಿದರು. ಹೌದು ಎಂದು ನಾನೂ ತಲೆಯಾಡಿಸಿದೆ.

ಹೂಳಲು ನೀನೇ ಸಿಗಲಿಲ್ಲ. ನಿನ್ನ ಹೆಂಡತಿ ಜಯಲತಾ ಗೋಡೆಗೆ ಫೋಟೋ ಹಾಕಲಿಲ್ಲ, ಹಾಕಲು ನಾನೂ ಹೇಳಲಿಲ್ಲ. ಉಡುಪಿಯ ಹೋಟೆಲಿನವರ ಮಗಳು, ನಿನ್ನನ್ನು ಕಟ್ಟಿಕೊಂಡದ್ದಕ್ಕೆ ತವರಿನ ಬಾಗಿಲು ಮುಚ್ಚಿಸಿಕೊಂಡವಳು. ಡೋಂಬಿವಲಿಯ ಆ ಎರಡು ಕೋಣೆಯಲ್ಲಿ ಇಡ್ಲಿ ಹಿಟ್ಟು ರುಬ್ಬಿ ಮಾರಿ ಮಗಳನ್ನು ಬೆಳೆಸಿದಳು. ಮನೆಯಲ್ಲಿ ತಾಯಿ ಮಗಳ ತುಳು, ಶಾಲೆಯಲ್ಲಿ ಮರಾಠಿ, ಬಿಲ್ಡಿಂಗಿನ ಕೆಳಗೆ ಹಿಂದಿ. ಕನ್ನಡ ನಿನ್ನ ಜೊತೆಗೇ ಹೋಯಿತು. ನಾನು ಕನ್ನಡದಲ್ಲಿ ಕೇಳಿದರೆ ಅಶ್ಮಿತಾ ಹಿಂದಿಯಲ್ಲಿ ಉತ್ತರಿಸುತ್ತಾಳೆ. ತಂದೆಯ ಅಕ್ಕನಿಗೆ ಇಲ್ಲಿಯ ಮಕ್ಕಳು ಕರೆಯುವ ಹಾಗೆ ನನ್ನನ್ನು ಆತ್ಯಾ ಅನ್ನುತ್ತಾಳೆ. ನಾನೋ ಕನ್ನಡ ಶಾಲೆಯ ಮೇಷ್ಟ್ರು. ಶಾಲೆಯನ್ನೇ ಮುಚ್ಚಿದರು, ಸೋದರಸೊಸೆಯ ನಾಲಿಗೆಗೆ ಯಾವ ಮುಖದಿಂದ ಪಾಠ ಹೇಳಲಿ?

ಕಳೆದ ವರ್ಷ, ಹದಿನಾಲ್ಕು ತುಂಬಿದ ಮೇಲೆ, ಯಾರಿಗೂ ಹೇಳದೆ ಅವಳು ಠಾಣೆಯಲ್ಲಿ ಗಾಡಿ ಬದಲಿಸಿ ನೆರೂಳಿನಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿದು ನಾಖವಾನ ಮುಂದೆ ಹೋಗಿ ನಿಂತಳು. ಅಪ್ಪನ ಹಾಗೆ ನನಗೂ ಕಲಿಸಿ ಎಂದಳು. ಅವನು ಬೆದರಿ ನನಗೆ ಫೋನು ಮಾಡಿದ. ಕಲಿಯಲಿ ಬಿಡು ಎಂದು ನಾನು ಅಂದದ್ದಕ್ಕೆ ಜಯಲತಾ ಒಲೆಯ ಮುಂದಿನಿಂದ ಎದ್ದು ಬಂದು ಕೂಗಾಡಿದಳು: "ನನ್ನ ಗಂಡನ್ನ ನುಂಗಿದ ನೀರಿಗೆ ಮಗಳನ್ನೂ ಕಳಿಸ್ಲಿಕ್ಕುಂಟಾ? ನೀವು ಹೇಳುದು ಭಾರೀ ಚಂದ ಅಕ್ಕಾ. ಭಾಷಣ ನೀರಲ್ಲಿ ಮುಳುಗುದಿಲ್ಲ, ಮಕ್ಕಳು ಮುಳುಗ್ತಾರೆ!"

ಆದರೂ ನಾನು ಮಗುವಿನ ಕಡೆಗೇ ನಿಂತೆ. ನೀರು ಮುಟ್ಟಬೇಡಿ ಎಂದು ನಮಗೆ ಹೇಳಿದವರ ಸಾಲಿಗೆ ನಾನು ಹೋಗಿ ಸೇರುವುದಿಲ್ಲ. ಆ ದಂಡೆಯನ್ನು ಅರ್ಧ ಬಂದರು ತಿಂದಿದೆ, ಉಳಿದದ್ದನ್ನು ಬಂಗಲೆ ಕಟ್ಟುವವರು ತಿನ್ನುತ್ತಿದ್ದಾರೆ. ಉಳಿದ ಒಂದು ತುಂಡು ನೀರಿನ ಮೇಲೆ ನಮ್ಮ ಕೇರಿಯ ಹುಡುಗಿಯೊಬ್ಬಳು ನಿಲ್ಲುತ್ತಾಳೆ ಅಂದರೆ ನಿಲ್ಲಲಿ. ನಾನು ಕಾವಲಿಗೆ ಹೋಗುತ್ತೇನೆ ಎಂದು ಜಯಲತಾಳನ್ನು ಒಪ್ಪಿಸಿದೆ. ರಜೆ ಬಂದಾಗಲೆಲ್ಲ ನಾವಿಬ್ಬರೂ ಹೋದೆವು.

ಹದಿನಾಲ್ಕರ ಮೈಯನ್ನು ನೀನು ನೋಡಬೇಕಿತ್ತು. ನಿನಗೆ ಒಂದು ಬೇಸಿಗೆ ಹಿಡಿದದ್ದು ಅವಳಿಗೆ ಕೆಲವು ರವಿವಾರ ಹಿಡಿಯಿತು. ಬಿದ್ದರೆ ಬಿದ್ದೆ ಅಂತ ಅವಳಿಗೆ ಅನ್ನಿಸುವುದೇ ಇಲ್ಲ, ನೀರು ಎತ್ತಿ ಇಟ್ಟ ಹಾಗೆ ಏಳುತ್ತಾಳೆ. ನಾನು ದಂಡೆಯಲ್ಲಿ ಛತ್ರಿ ಹಿಡಿದು ನಿಂತು ನಿಂತು ಸೋತೆ. ಕಾವಲುಗಾರ್ತಿಗೆ ಈಜು ಬರುವುದಿಲ್ಲ ಅಂದರೆ ಅದು ಯಾವ ಕಾವಲು? ಈಜು ಕಲಿತೆ. ಆಮೇಲೆ ಪಟಕ್ಕೂ ಕೈ ಹಾಕಿದೆ. ಐವತ್ತಮೂರು ವಯಸ್ಸು, ಸೀರೆ ಬಿಚ್ಚಿಟ್ಟು ನಿನ್ನ ಹಳೆಯ ಚಡ್ಡಿ ತೊಟ್ಟೆ. ದಂಡೆಯ ಮೀನಿನ ಬುಟ್ಟಿಯ ಹೆಂಗಸರು ಹಲ್ಲು ಕಿರಿದು, "ಆಜೀ, ಉಡೂನ್ ಜಾಶೀಲ್ ಗಂ!" ಅಂದರು. ಅಜ್ಜೀ, ಹಾರಿಹೋದೀಯೇ ಎಂದು. ನನ್ನ ಕಷ್ಟ ಹಾರುವುದರಲ್ಲಿರಲಿಲ್ಲ. ಬಿಡುವುದರಲ್ಲಿತ್ತು. ಲಾಠಿ ಬೀಳುವಾಗ ಪಕ್ಕದವರ ತೋಳು ಬಿಡಬಾರದು ಎಂದು ಕಲಿತ ಕೈ ಇದು. ನಾಖವಾ ತಲೆ ಚಚ್ಚಿಕೊಂಡು, "ಸೋಡಾ ಬಾಯೀ, ಹಾ ಮೋರ್ಚಾ ನಾಹೀ!" ಎಂದು ಬೊಬ್ಬೆ ಹೊಡೆಯುತ್ತಿದ್ದ. ಮೆರವಣಿಗೆ ಅಲ್ಲ ಇದು, ಬಿಡಮ್ಮಾ ಎಂದು.

ಈಗ, ನಿನ್ನನ್ನು ಕೇಳಬೇಕಾದದ್ದಕ್ಕೆ ಬರುತ್ತೇನೆ.

ಫೆಬ್ರುವರಿಯ ಒಂದು ಮಧ್ಯಾಹ್ನ ಇಬ್ಬರೂ ಸೊಂಟಮಟ್ಟ ನೀರಿನಲ್ಲಿದ್ದೆವು. ಅವಳ ಪಟ ನೆತ್ತಿಯ ಮೇಲೆ ಅಲುಗದೆ ನಿಂತಿತ್ತು. ನನ್ನ ಕಡೆ ತಿರುಗದೆಯೇ ಅವಳು ಹೇಳಿದಳು: "ಅಕ್ಕಾ, ನೀರು ಬೆಚ್ಚಗ ಅವ."

ಯಾದಗಿರಿ ಕಡೆಯ, ನಮ್ಮ ಕೇರಿಯ ಕನ್ನಡ. ಆತ್ಯಾ ಅಲ್ಲ, ಅಕ್ಕಾ.

ದಂಡೆಗೆ ಬಂದ ಮೇಲೆ ಏನಂದೆ ಎಂದು ಕೇಳಿದೆ. "ಮೈನೇ ಕುಛ್ ನಹೀ ಬೋಲಾ, ಆತ್ಯಾ" ಎಂದು ಕೂದಲು ಹಿಂಡುತ್ತಾ ನಿಂತಳು, ತಾನು ಏನೂ ಅನ್ನಲೇ ಇಲ್ಲವಂತೆ. ಸುಳ್ಳು ಹೇಳುವ ಮುಖ ನನಗೆ ಗೊತ್ತು, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು. ಅದು ಸುಳ್ಳಿನ ಮುಖವಲ್ಲ.

ನನ್ನ ತಲೆ ಕಾರಣ ಹುಡುಕಿತು. ಎಂಟು ವರ್ಷದವರೆಗೆ ನಿನ್ನ ಮಾತು ಕೇಳಿದ ಮಗು, ನೀರು ನೋಡಿ ನೆನಪು ಬಂದಿರಬೇಕು. ಸರಿ ಎಂದುಕೊಂಡೆ. ಮುಂದಿನ ಸಲವೂ ಹಾಗೇ ಆಯಿತು, ಅದರ ಮುಂದಿನ ಸಲವೂ. ಮೊಣಕಾಲು ಮುಳುಗುವವರೆಗೆ ಹಿಂದಿ ಮರಾಠಿ. ಪಟ ಎದ್ದು ದಾರ ಬಿಗಿಯಿತೋ, ನಿನ್ನ ಮಾತು. ಸಣ್ಣ ಸಣ್ಣ ಮಾತು: ಗಾಳಿ ತಿರುಗ್ತದ, ಬಿಸಿಲು ಕಡಿಮಿ ಆಗ್ಯದ. ಒಂದು ದಿನ ಮಾತ್ರ ಅವಳು ದಂಡೆಯ ಕಡೆ ಕೈ ಮಾಡಿ, ತುಂಬ ಸಹಜವಾಗಿ, "ಅಕ್ಕಾ, ಅವ್ವ ಕೊಡ ಇಟ್ಟು ನಿಂತಾಳ ನೋಡು. ಯಾರೂ ಹೊಯ್ಯವಲ್ಲರು" ಅಂದಳು.

ನಾನು ತಿರುಗಿ ನೋಡಿದೆ. ದಂಡೆ ಖಾಲಿ. ಹಿಂದೆ ದೂರದಲ್ಲಿ ಗ್ಯಾಸಿನ ಕಾರ್ಖಾನೆಯ ಚಿಮಣಿ ಹಗಲಲ್ಲೇ ಉರಿಯುತ್ತಿತ್ತು. ಅಷ್ಟೇ. ಆದರೆ ಆ ಕೊಡದ ಮಾತು ನಾನು ಆ ಮಗುವಿಗೆ ಹೇಳಿಲ್ಲ. ಜಯಲತಾಳಿಗೂ ಹೇಳಿಲ್ಲ. ನೀನು ಹೇಳಿದ್ದೆಯಾ? ಹೇಳಿದ್ದರೆ ನನಗೆ ಬಹಳ ಉಪಕಾರ.

ಏಪ್ರಿಲ್ ಬಂತು. ನನ್ನ ಪಟ ನೀರಿನ ಮೇಲೆ ನನ್ನನ್ನು ಎಳೆಯುತ್ತಿತ್ತು, ಗಾಳಿ ಒಮ್ಮೆಲೇ ಜೋರಾಯಿತು. ದಂಡೆಯಿಂದ ನಾಖವಾ ಕೂಗಿದ. ನನಗೆ ಕೇಳಿದ್ದು, ಸ್ಪಷ್ಟವಾಗಿ, ಅವ್ವ ಕರೆದಷ್ಟು ಸ್ಪಷ್ಟವಾಗಿ: "ನೋಡ್!"

ನೋಡಿದೆ. ಮುಖ ಎತ್ತಿ ಮೇಲೆ ನೋಡಿದೆ.

ಆ ಕ್ಷಣದಲ್ಲಿ ನೀನು ಹೇಗೆ ಹೋದೆ ಎಂದು ತಿಳಿಯಿತು. ಅವನು ಕೂಗಿದ್ದು ಸೋಡ್. ಗಾಳಿಯಲ್ಲಿ ಸಕಾರ ಕೇಳುವುದಿಲ್ಲ. ಗಾಳಿಯೇ ಸಕಾರದ ಸದ್ದು ಮಾಡುತ್ತಿರುತ್ತದೆ, ಅದರೊಳಗೆ ಅದು ಕರಗಿಹೋಗುತ್ತದೆ. ಉಳಿದದ್ದು ಬರೀ 'ಓಡ್'. ಅದರ ಮುಂದೆ ಯಾವ ಅಕ್ಷರ ಹಚ್ಚಬೇಕೋ ಅದನ್ನು ಹೆದರಿದ ಜೀವವೇ ಹಚ್ಚಿಕೊಳ್ಳುತ್ತದೆ. ಮರಾಠಿಯವನಾಗಿದ್ದರೆ ಬಿಡುತ್ತಿದ್ದ. ನೀನು ಎಷ್ಟು ವರ್ಷ ಮರಾಠಿಯಲ್ಲಿ ದುಡಿದರೂ ಜೀವಕ್ಕೆ ಬಂದಾಗ ನಿನ್ನ ಕಿವಿ ಅವ್ವನ ಕಡೆಗೆ ಓಡಿತು. ನಿನಗೆ ಕೇಳಲಿಲ್ಲ ಎಂದು ನಾವು ಏಳು ವರ್ಷ ಅಂದುಕೊಂಡೆವು. ನಿನಗೆ ಕೇಳಿತ್ತು. ಕನ್ನಡದಲ್ಲಿ ಕೇಳಿತ್ತು. ಹೇಳಿದ ಹಾಗೇ ಮಾಡಿದೆ.

ಮೇಲೆ ಏನಿತ್ತು ಎಂದು ನಾನೂ ನೋಡಿದೆನಲ್ಲ, ಹೇಳುತ್ತೇನೆ. ಏನೂ ಇರಲಿಲ್ಲ. ಪಟದ ಆಚೆ ಬಿಳಿಚಿಕೊಂಡ ಆಕಾಶ, ಅದರಾಚೆ ಅಂಥದ್ದೇ ಇನ್ನಷ್ಟು. ಆದರೆ ಅಲ್ಲಿಗೆ ಹೋಗಬೇಕು ಅನ್ನಿಸಿತು. ಹೆದರಿಕೆ ಅಲ್ಲ, ಹಸಿವಿನಂಥದ್ದು. ನನ್ನ ತುಟಿ ನಗುತ್ತಿದೆ ಎಂದು ನನಗೇ ಗೊತ್ತಾಯಿತು, ನಗುತ್ತಿದ್ದವಳು ಮಾತ್ರ ನಾನಲ್ಲ. ಕೈ ಬಿಡುವ ಯೋಚನೆಯೇ ಇರಲಿಲ್ಲ. ಬೆರಳ ಗಂಟುಗಳು ವಾಯುವಿನಿಂದ ಬಾತಿರುವುದು ನನ್ನ ಪುಣ್ಯ, ಹಿಡಿತ ತಾನಾಗಿ ಜಾರಿತು. ಪಟ ಕುಸಿಯಿತು. ಮುದಿತನ ನನ್ನನ್ನು ಉಳಿಸಿತು, ಜಾಣತನ ಅಲ್ಲ.

ನಾಖವಾನಿಗೆ ಇದನ್ನು ಬಿಡಿಸಿ ಹೇಳಿದಾಗ ಅವನು ಒದ್ದೆ ಮರಳಿನ ಮೇಲೆ ಕುಸಿದು ಕೂತ. ಎಷ್ಟೋ ಹೊತ್ತು ಅದೊಂದು ಅಕ್ಷರವನ್ನು ಹಲ್ಲಿನ ನಡುವೆ ಹೇಳಿ ಹೇಳಿ ನೋಡಿದ. ಆಮೇಲೆ, ನೀರಿನಲ್ಲಿ ಕನ್ನಡವನ್ನೇ ಆಡುವ ಅಶ್ಮಿತಾಗೆ ಇನ್ನು ಮರಾಠಿಯಲ್ಲಿ ಕೂಗುವುದು ಬೇಡ, ಕನ್ನಡದ 'ಬಿಡು' ಎಂದೇ ಕೂಗುವುದು ಎಂದು ತೀರ್ಮಾನವಾಯಿತು. ಅವನ ನಾಲಿಗೆಗೆ ಅದು ಬೀಡ್ ಆಯಿತು. "ಬೀಡ್ ತರ್ ಜಿಲ್ಹಾ ಆಹೇ!" ಎಂದು ಅವನೇ ಗೊಣಗಿದ. ಬೀಡ್ ಅಂದರೆ ಅವರ ಕಡೆಯ ಒಂದು ಜಿಲ್ಲೆ. ಅಶ್ಮಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ದಿನಗಳ ಮೇಲೆ ನಾವು ಮೂವರೂ ನಕ್ಕೆವು. ಕಷ್ಟ ಮುಗಿಯಿತು ಎಂದು ನಾನು ತಿಳಿದೆ. ಒಂದು ಅಕ್ಷರದ ತಪ್ಪು, ಅಷ್ಟೇ, ತಿದ್ದಿಯಾಯಿತು. ಮೇಷ್ಟ್ರ ಬುದ್ಧಿ.

ಕಳೆದ ಶನಿವಾರದ ಮಾತು ಇದು. ಅವಳು ದೂರ ಇದ್ದಳು, ಗೂಟಗಳ ಹತ್ತಿರ. ಬಂದರಿನ ಕಡೆ ಆಕಾಶ ಕಪ್ಪಾಯಿತು, ಗಾಳಿ ತಿರುಗಿತು. ಅವಳ ಹಲಗೆ ನೀರು ಬಿಟ್ಟಿತು. ನಾಖವಾ ಕೂಗಿದ, "ಬಿಡ್! ಬಿಡ್!" ಈ ಸಲ ನೂರಕ್ಕೆ ನೂರು ಸರಿಯಾಗಿ ಕೂಗಿದ. ನಾನೂ ಕೂಗಿದೆ, "ಬಿಡವ್ವಾ, ಬಿಡು!" ಅವಳಿಗೆ ಕೇಳಿತು. ತಲೆ ನಮ್ಮ ಕಡೆ ತಿರುಗಿತು. ಆಮೇಲೆ ಆ ತಲೆ ನಿಧಾನವಾಗಿ ಮೇಲಕ್ಕೆ ಎದ್ದಿತು. ನೀರಿನ ಮೇಲಿನಿಂದ ದನಿ ಬಂತು. ಹುಡುಗಿಯ ಗಂಟಲೇ, ಆದರೆ ನಿನ್ನ ಮಾತು, ಹೆಗಲ ಮೇಲೆ ಕೂತು ಕೂಗುತ್ತಿದ್ದ ಅದೇ ಮಾತು:

"ಬಿಡಂಗಿಲ್ಲ."

ನಾಖವಾನಿಗೂ ಕೇಳಿತು. ಅವನಿಗೆ ಅರ್ಥವಾಗಲಿಲ್ಲ, ಆದರೆ ದನಿಯ ಗುರುತು ಸಿಕ್ಕಿತು. ಅವನು ಎದೆ ಮುಟ್ಟಿಕೊಂಡು ಹಿಂದೆ ಸರಿದ.

ನನಗೆ ಭಯವಾಗಲಿಲ್ಲ, ಹುಲಗಪ್ಪಾ. ಸಿಟ್ಟು ಬಂತು. ಇಡೀ ಜನ್ಮದಲ್ಲಿ ಬಂದಿರದಂಥ ಸಿಟ್ಟು. ಆ ಘೋಷಣೆ ನೀರು ತರಲು ಕಟ್ಟಿದ್ದು, ಮಗುವನ್ನು ನೀರಿಗೆ ಕೊಡಲು ಅಲ್ಲ. "ಹುಲಗ್ಯಾ! ಬಿಡಲೇ ಆಕೀನ!" ಎಂದು ಚೀರಿದೆ. ಅವಳ ಕೈ ತೆರೆಯಿತು. ಹಿಡಿಕೋಲು ಹಾರಿತು, ಪಟ ಒದ್ದೆ ಬಟ್ಟೆಯ ಹಾಗೆ ನೀರಿಗೆ ಬಿತ್ತು. ನಾಖವಾ ತನ್ನ ಅಣ್ಣನ ದೋಣಿಯಲ್ಲಿ ಹೋಗಿ ಅವಳನ್ನು ತಂದ.

ಟವೆಲ್ಲು ಸುತ್ತಿ ಕೂರಿಸಿದೆ. ಹಲ್ಲು ಕಟಕಟ ಅನ್ನುತ್ತಿದ್ದವು. ಬಿಟ್ಟೆಯಲ್ಲ, ಜಾಣೆ ಎಂದೆ. ತನ್ನ ಅಂಗೈ ನೋಡಿಕೊಂಡು, "ಮೈನೇ ನಹೀ ಛೋಡಾ, ಆತ್ಯಾ. ಕಿಸೀನೇ ಮೇರೀ ಉಂಗ್ಲಿಯಾಂ ಖೋಲೀ" ಅಂದಳು. ತಾನು ಬಿಡಲಿಲ್ಲವಂತೆ, ಯಾರೋ ಬೆರಳು ಬಿಡಿಸಿದರಂತೆ. "ಏಕ್ ಏಕ್ ಕರ್ಕೇ. ಪೆಹಲೇ ಛೋಟೀವಾಲೀ." ಒಂದೊಂದಾಗಿ, ಮೊದಲು ಕಿರುಬೆರಳು.

ಬೆಲ್ಲದ ಚೂರು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ನಿನ್ನನ್ನು ಕಾಡುತ್ತಿದ್ದೆ ನಾನು. ಎಲ್ಲ ಮಕ್ಕಳೂ ಹೆಬ್ಬೆರಳು ಹಿಡಿದು ಎಳೆಯುತ್ತವೆ. ನೀನೊಬ್ಬನೇ ಕಿರುಬೆರಳಿನಿಂದ ಶುರು ಮಾಡುತ್ತಿದ್ದೆ.

ಹಾಗಾದರೆ ಹಿಡಿದವರು ಯಾರು, ಬಿಡಿಸಿದವರು ಯಾರು? ಬಿಡಂಗಿಲ್ಲ ಎಂದ ಬಾಯಿ ನಿನ್ನದು. ಬೆರಳು ತೆರೆದ ಕೈಯೂ ನಿನ್ನದು. ಸತ್ತ ಮೇಲೂ ನಿನ್ನೊಳಗೆ ಇಬ್ಬರಿದ್ದಾರೆಯೇ? ಬದುಕಿದ್ದಾಗಲೂ ಇದ್ದರು, ಅದು ಬೇರೆ ಮಾತು.

ಜಯಲತಾಳಿಗೆ ಹೇಳದೆ ಇರಲಿಲ್ಲ. ಅವಳು ಅಳಲಿಲ್ಲ. ಕೈಗೆ ಮೆತ್ತಿದ್ದ ಹಿಟ್ಟು ತೊಳೆದುಕೊಂಡು ಬಂದು, ಏಳು ವರ್ಷ ಕಾದವಳ ಹಾಗೆ ಹೇಳಿದಳು: "ಅವರು ಬಾಗಿಲಿಗೆ ಬಂದಿದ್ದಾರೆ ಅಕ್ಕಾ. ನಾವು ಕರೀಲಿಲ್ಲ, ಅದಕ್ಕೆ ಹೊರಗೇ ನಿಂತಿದ್ದಾರೆ. ಆಟಿ ತಿಂಗಳಿಗೆ ಎಲೆ ಹಾಕಿ ಉಲಾಯಿ ಲೆಪ್ಪುವಾ." ಅವರ ಕಡೆ, ಮಳೆಗಾಲದ ಆಟಿ ತಿಂಗಳಲ್ಲಿ, ಸತ್ತವರನ್ನು ಹೆಸರು ಕೂಗಿ ಮನೆಯೊಳಗೆ ಕರೆದುಕೊಳ್ಳುತ್ತಾರೆ, ಹಿರಿಯರ ಸಾಲಿನಲ್ಲಿ ಕೂರಿಸುತ್ತಾರೆ. ಆಮೇಲೆ ಅವರು ಮನೆಯವರು, ಮನೆ ಕಾಯುತ್ತಾರೆ.

ನಾನು ಬೇಡ ಎಂದೆ. ಮೂಢನಂಬಿಕೆ ಅಂತ ಅಲ್ಲ, ಆ ಮಾತಿನ ಹಲ್ಲು ಈಗ ನನ್ನ ಬಾಯಲ್ಲೇ ಉದುರಿದೆ. ನೀನು ಒಳಗೆ ಬಂದರೆ ಆ ಮಗುವಿನ ಕೈಯೊಳಗೇ ಕೂರುತ್ತೀಯ. ಪ್ರತಿ ಸಲ ನೀನೇ ಬಿಡಿಸುತ್ತೀಯ. ಅಪ್ಪ ಇದ್ದಾನಲ್ಲ ಎಂದು ಅವಳು ಪ್ರತಿ ಸಲ ಇನ್ನಷ್ಟು ಗಟ್ಟಿಯಾಗಿ ಹಿಡಿಯುತ್ತಾಳೆ. ಒಂದು ದಿನ ನಿನ್ನಲ್ಲಿರುವ ಇನ್ನೊಬ್ಬ ಗೆದ್ದರೆ? ಜಯಲತಾ ಹಿಟ್ಟಿನ ಪಾತ್ರೆಗೆ ಮುಚ್ಚಳ ಹಾಕಿದಳು. "ಹಾಗಾದ್ರೆ ನೀವೇ ಏನಾದ್ರೂ ಮಾಡಿ ಮಾರಾಯ್ರೆ. ನಿಮ್ಮ ತಮ್ಮ" ಅಂದಳು. ನನಗೆ ಮಂತ್ರ ಬರುವುದಿಲ್ಲ. ಬರೆಯುವುದು ಬರುತ್ತದೆ. ಅದಕ್ಕೆ ಈ ಕಾಗದ.

ಅವಳನ್ನು ನೀರಿನಿಂದ ದೂರ ಇಡು ಎಂದು ನೀನು ಹೇಳಬಹುದು. ಇಡುವುದಿಲ್ಲ. ನಿನ್ನೆ ಅವಳೇ ಬಂದು ಕೂತು, ಹಿಂದಿಯಲ್ಲೇ ಹೇಳಿದಳು: ಆತ್ಯಾ, ನಾನೇ ಬಿಡುವುದನ್ನು ಕಲಿಯಬೇಕು, ಅದಕ್ಕೆ ಹೋಗಬೇಕು. ಅಪ್ಪ ಅಲ್ಲಿ ಇರುವಾಗ ನನಗೆ ಬಿಡಲು ಮನಸ್ಸು ಬರುವುದಿಲ್ಲ. ಬಿಟ್ಟರೆ ಅವರನ್ನೇ ಬಿಟ್ಟ ಹಾಗೆ ಆಗುತ್ತದೆ.

ಹದಿನೈದರ ಹುಡುಗಿ ಹೇಳಿದ ಮಾತು ಕೇಳಿಸಿತೇನು? ಅವಳ ಕೈ ಬಿಗಿಯುವುದು ಹೆದರಿಕೆಯಿಂದಲ್ಲ. ನೀನು ಇದ್ದೀಯ ಎಂಬುದರಿಂದ. ಹಿಡಿದವನು ನೀನಾದರೂ ಅಲ್ಲಿಂದ ಏಳು, ಬಿಡಿಸಿದವನು ನೀನಾದರೂ ಏಳು. ಎರಡೂ ನೀನೇ ಆದರೆ ಇಬ್ಬರೂ ಏಳಿ. ನಾಳೆ ಅವಳ ಬೆರಳುಗಳು ಅವಳವೇ ಆಗಿರಲಿ. ಪಕ್ಕದ ನೀರಿನಲ್ಲಿ ನಾನಿರುತ್ತೇನೆ.

ನಮ್ಮಲ್ಲಿ ಯಾರನ್ನೂ ಬರೀ 'ಹೋಗು' ಎಂದು ಕಳಿಸುವುದಿಲ್ಲ. ಪರ ಊರಿಗೆ ದುಡಿಯಲು ಹೊರಟವನಿಗೂ, ಜೈಲಿಗೆ ಹೊರಟವನಿಗೂ, ಜಗಳಾಡಿ ಎದ್ದುಹೋದವನಿಗೂ ಬಾಗಿಲಲ್ಲಿ ನಿಂತು 'ಹೋಗಿ ಬಾ' ಅನ್ನುತ್ತೇವೆ. ನೀನು ಕೊನೆಯ ಸಲ ಕಲ್ಯಾಣಿನ ಈ ಬಾಗಿಲಿನಿಂದ ಹೊರಟಾಗಲೂ ನಾನು ಹಾಗೇ ಅಂದಿದ್ದೆ. ನೀನು ಆ ಮಾತು ಪಾಲಿಸಿದೆ. ಬಂದೆ. ನಿನ್ನದೇನೂ ತಪ್ಪಿಲ್ಲ.

ಈ ಸಲ ಎರಡನೇ ಮಾತು ಹೇಳುವುದಿಲ್ಲ, ತಮ್ಮಾ. ನೀರು ನಿನ್ನನ್ನು ಬೆಚ್ಚಗೆ ಇಡಲಿ. ಅವ್ವ ಎಲ್ಲಾದರೂ ಕೊಡ ಇಟ್ಟು ನಿಂತಿದ್ದರೆ ನೀನೇ ತುಂಬಿಸಿಕೊಡು.

ಹೋಗು.

ನಿನ್ನ ಅಕ್ಕ,
ಸತ್ಯಮ್ಮ